ನನ್ನ ಕುತ್ತಿಗೆ, ಅವರ ಕಾಲು

ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡವರನ್ನು ಕಂಡರೆ ಜನಕ್ಕೆ ಅಯ್ಯೋ ಅನ್ನಿಸುವುದಿಲ್ಲ, ನಗು ಬರುತ್ತದೆ. ಕಾಲು ಮುರಿದವರಿಗೆ ಬಸ್ಸಿನಲ್ಲಿ ಎದ್ದು ಸೀಟು ಕೊಡುತ್ತಾರೆ. ನನ್ನನ್ನು ಕಂಡರೆ ಮಾತ್ರ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜಿನವರು ತಾವೂ ಕತ್ತು ನೆಟ್ಟಗೆ ಮಾಡಿಕೊಂಡು ಗೊಂಬೆಯ ಹಾಗೆ ನಡೆದು ತೋರಿಸುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ತಿರುಗಿ ಬೈಯೋಣವೆಂದರೆ ತಿರುಗುವುದಕ್ಕೇ ಆಗಬೇಕಲ್ಲ. ನಾನು ಇಡೀ ಮೈಯನ್ನು ಆ ಕಡೆಗೆ ತಿರುಗಿಸುವಷ್ಟರಲ್ಲಿ ಅವರ ಬಸ್ಸು ಹೊರಟಿರುತ್ತಿತ್ತು.

ಇದನ್ನು ಓದುವವರಲ್ಲಿ ಯಾರಾದರೂ ಹಾಗೆ ಪಟ್ಟಿ ಕಟ್ಟಿಕೊಂಡು ಮನೆಯೊಳಗೆ ಕೂತಿದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ವಾಸಿಯಾಗುತ್ತದೆ ಎಂದು ಧೈರ್ಯ ಹೇಳುವುದಕ್ಕಲ್ಲ. ನನಗೆ ವಾಸಿಯಾಗಿಲ್ಲ. ಕುತ್ತಿಗೆ ಹೋದರೆ ಕುತ್ತಿಗೆಯೊಂದೇ ಹೋಗುವುದಿಲ್ಲ ಎನ್ನುವುದನ್ನು ನನಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ನನಗೆ ಗಂಡನ ಕೈ ತಪ್ಪಿಹೋಯಿತು. ಅವರು ಬಿಟ್ಟುಹೋಗಲಿಲ್ಲ, ಇಲ್ಲೇ ಇದ್ದಾರೆ, ಈ ಸಾಲು ಬರೆಯುವಾಗಲೂ ಹೊರಗಿನ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದಾರೆ. ಆದರೆ ಎಷ್ಟೋ ವರ್ಷ ಅವರು ನನ್ನನ್ನು ಮುಟ್ಟಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಎದುರಿನ ಬೋರ್ಡಿನ ತೂತುಗಳಿಗೆ ವೈರು ಚುಚ್ಚಿ, ರೇಷ್ಮೆಗೂಡಿನ ಮಾರ್ಕೆಟ್ಟಿನವರಿಗೆ ಬೆಂಗಳೂರು, ಕಾಂಚೀಪುರ ಎಂದು ಟ್ರಂಕ್ ಕಾಲ್ ಹಿಡಿದುಕೊಡುವ ಕೆಲಸ. ನಮ್ಮ ಯಜಮಾನರು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಷರ್ಟಿನ ಕಾಲರ್ ಹೊಲಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಚಿಕ್ಕಬಳ್ಳಾಪುರದಿಂದಲೂ ಜನ ಬಟ್ಟೆ ತಂದು ಹಾಕುತ್ತಿದ್ದರು. ಆದರೆ ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುವವರು ಬಟ್ಟೆ ತರುತ್ತಿರಲಿಲ್ಲ, ಸೊಂಟ ಹಿಡಿದುಕೊಂಡು ಬರುತ್ತಿದ್ದರು.

ನಮ್ಮ ಯಜಮಾನರು ಕಾಲು ಮುಂದಾಗಿ ಹುಟ್ಟಿದವರು. ನಮ್ಮ ಕಡೆ ಅಂಥವರು ಉಳುಕಿದ ಜಾಗಕ್ಕೆ ಕಾಲು ಸೋಕಿಸಿದರೆ ಉಳುಕು ಬಿಡುತ್ತದೆ ಎಂದು ನಂಬಿಕೆ. ದಿಬ್ಬೂರಹಳ್ಳಿಯಿಂದ, ಅದರಾಚೆಯಿಂದ ಹಿಪ್ಪುನೇರಳೆ ಸೊಪ್ಪು ಹೊತ್ತು ಬೆನ್ನು ಹಿಡಿದವರು, ರೇಷ್ಮೆ ಬಿಚ್ಚುವ ಚರಕದ ಮುಂದೆ ಬಗ್ಗಿ ಬಗ್ಗಿ ಸೊಂಟ ಹೋದವರು ಬರುತ್ತಿದ್ದರು. ಹೊಸ್ತಿಲ ಒಳಗೆ ಚಾಪೆಯ ಮೇಲೆ ಬೋರಲು ಮಲಗಬೇಕು. ಇವರು ಗೋಡೆ ಹಿಡಿದುಕೊಂಡು ಎಡಗಾಲಿನ ಹಿಮ್ಮಡಿಯನ್ನು ನೋವಿನ ಜಾಗಕ್ಕೆ ಮೂರು ಸಲ ಇಡುತ್ತಿದ್ದರು. ಬಂದವರು ಏನೂ ಕೊಡಬಾರದು, ಎದ್ದು ಹೋಗುವಾಗ ಹೋಗಿಬರ್ತೀನಿ ಅನ್ನಬಾರದು. ಅಂದರೆ ನೋವು ಮತ್ತೆ ಬರುತ್ತದಂತೆ. ಹೋದವರು ಹೆಚ್ಚಾಗಿ ವಾಪಸು ಬರುತ್ತಿರಲಿಲ್ಲ. ವಾಸಿಯಾಯಿತೆಂದೇ ನಾವು ಲೆಕ್ಕ ಹಿಡಿಯುತ್ತಿದ್ದೆವು. ಮದುವೆಯಾದ ಹೊಸದರಲ್ಲಿ ನಾನು ಅವರನ್ನು ರೇಗಿಸುತ್ತಿದ್ದೆ. "ನಿಮ್ಮ ಕೈಗಿಂತ ಕಾಲಿಗೇ ಮರ್ಯಾದೆ ಜಾಸ್ತಿ ಕಣ್ರೀ" ಎಂದರೆ ನಗುತ್ತಿದ್ದರು. ಒಳಗೊಳಗೆ ಅವರಿಗೆ ಅದು ಹೆಮ್ಮೆ. ನನಗೂ ಹೆಮ್ಮೆಯೇ.

ಚಿಂತಾಮಣಿಯಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆಯಾಯಿತು. ಊಟ ಮುಗಿಸಿಕೊಂಡು ಮಧ್ಯಾಹ್ನ ಬಾಡಿಗೆ ಅಂಬಾಸಿಡರಿನಲ್ಲಿ ಶಿಡ್ಲಘಟ್ಟಕ್ಕೆ ಹೊರಟೆವು. ಆ ಕಾಲದ ಅಂಬಾಸಿಡರು ಎಷ್ಟು ಜನ ಬಂದರೂ ಇಲ್ಲ ಅನ್ನದ ಗಾಡಿ. ಹಿಂದೆ ಆರು ಜನ, ಮುಂದೆ ಡ್ರೈವರ್ ಸೇರಿ ನಾಲ್ಕು. ನಾನು ಮುಂದೆ, ಮಡಿಲಲ್ಲಿ ತಾಂಬೂಲದ ಚೀಲ ಇಟ್ಟುಕೊಂಡು, ಹಿಂದಕ್ಕೆ ತಿರುಗಿ ನಮ್ಮತ್ತೆಯ ಜೊತೆ ಮದುವೆ ಸಾರಿನ ಬಗ್ಗೆ ಜಗಳವಾಡುತ್ತಿದ್ದೆ. ಅವರು ಚೆನ್ನಾಗಿರಲಿಲ್ಲ ಅಂತ, ನಾನು ಚೆನ್ನಾಗಿತ್ತು ಅಂತ. ರಸ್ತೆಗೆ ಕುರಿಮಂದೆ ಅಡ್ಡ ಬಂತು. ಡ್ರೈವರ್ ಗಾಡಿ ನಿಲ್ಲಿಸಿದ. ಹಿಂದಿನಿಂದ ಗೂಡಿನ ಮೂಟೆ ಹೇರಿಕೊಂಡು ಬರುತ್ತಿದ್ದ ಟೆಂಪೋ ನಿಲ್ಲಿಸಲಾಗದೆ ಬಂದು ಗುದ್ದಿತು.

ದೊಡ್ಡ ಗುದ್ದಲ್ಲ. ಯಾರಿಗೂ ಒಂದು ತೊಟ್ಟು ರಕ್ತ ಬರಲಿಲ್ಲ. ನನ್ನ ತಲೆ ಒಮ್ಮೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದಿತು, ಅಷ್ಟೇ. ಎಲ್ಲರೂ ಇಳಿದರು, ಬಂಪರು ನೋಡಿದರು, ಇಬ್ಬರು ಡ್ರೈವರುಗಳೂ ಒಬ್ಬರ ತಾಯಿಯನ್ನು ಒಬ್ಬರು ನೆನೆಸಿಕೊಂಡು ಸಮಾಧಾನವಾದರು. ಚರಂಡಿಗೆ ಉರುಳಿದ್ದ ತೆಂಗಿನಕಾಯಿಗಳನ್ನು ನಾನೇ ಬಗ್ಗಿ ಆರಿಸಿಕೊಂಡೆ. ಕೊನೆಯ ಸಲ ಅಷ್ಟು ಸಲೀಸಾಗಿ ಬಗ್ಗಿದ್ದು ಅದೇ ಇರಬೇಕು.

ಮಾರನೆಯ ಬೆಳಿಗ್ಗೆ ತಲೆಯನ್ನು ದಿಂಬಿಗೆ ಹೊಲಿದುಬಿಟ್ಟ ಹಾಗಿತ್ತು. ಎರಡು ಕೈಯಲ್ಲೂ ಕೂದಲು ಹಿಡಿದು ಎತ್ತಿಕೊಂಡು ಎದ್ದು ಕೂತೆ. ಅತ್ತೆ ದಿಂಬನ್ನು ಬಿಸಿಲಿಗೆ ಹಾಕಿದರು, ಉಪ್ಪಿನ ಶಾಖ ಕೊಟ್ಟರು. ಮೈದುನ ಬಂದವನು "ಏನತ್ತಿಗೆ, ಮದುವೇಗೆ ಹೋಗ್ಬಂದ್ಮೇಲೆ ಗರ್ವ ಜಾಸ್ತಿ ಆಯ್ತಾ? ತಿರುಗೂ ನೋಡಲ್ಲ" ಎಂದ. ನಾನೂ ನಕ್ಕೆ. ವಾರವಾದ ಮೇಲೆ ನಗು ಬರಲಿಲ್ಲ.

ಚಿಕ್ಕಬಳ್ಳಾಪುರಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದೆವು. ಬೆಂಚಿನ ಮೇಲೆ ಕಾದು ಕಾದು, ನನ್ನ ಪಕ್ಕದಲ್ಲಿ ಕೂತವರ ಮುಖವನ್ನು ನಾನು ನೋಡಲೇ ಇಲ್ಲ. ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಡಾಕ್ಟರು ಫಿಲಮ್ಮನ್ನು ಕಿಟಕಿಗೆ ಹಿಡಿದು ನೋಡಿ "ಮೂಳೆ ಎಲ್ಲಾ ಚೆನ್ನಾಗಿದೆ, ಎಲ್ಲೂ ಬಿರುಕಿಲ್ಲ" ಎಂದರು. ಮಾತ್ರೆ, ಮುಲಾಮು ಬರೆದುಕೊಟ್ಟರು. ಆ ಒಂದು ಮಾತಿನಿಂದ ನನ್ನ ಕಷ್ಟ ಇಮ್ಮಡಿಯಾಯಿತು. ಮೂಳೆ ಚೆನ್ನಾಗಿದೆ ಎಂದರೆ ನೋವು ಸುಳ್ಳು ಎಂದು ಎಲ್ಲರೂ ಅರ್ಥ ಮಾಡಿಕೊಂಡರು. ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನು ಹಾಕಿಕೊಂಡರೆ ಯಾರೋ ತಲೆಯ ಮೇಲೆ ಕೂತ ಹಾಗಾಗುತ್ತಿತ್ತು. ರಜಾ ಕೇಳಿದರೆ ಸೂಪರ್‌ವೈಸರು "ನೋಡೋಕೆ ಗಟ್ಟಿಮುಟ್ಟಾಗಿದ್ದೀರಲ್ಲಮ್ಮಾ" ಎನ್ನುತ್ತಿದ್ದರು. ಅತ್ತೆಯೂ ಪಕ್ಕದ ಮನೆಯವರ ಜೊತೆ ತೆಲುಗಿನಲ್ಲಿ ಪಿಸುಗುಟ್ಟುವುದು ಕೇಳಿಸುತ್ತಿತ್ತು. ಕಾರಿನಲ್ಲಿದ್ದ ಒಂಬತ್ತು ಜನಕ್ಕೆ ಆಗದ್ದು ಇವಳೊಬ್ಬಳಿಗೆ ಹೇಗಾಯಿತು ಎಂದು. ಎರಡು ತಿಂಗಳಾಗುವ ಹೊತ್ತಿಗೆ ನನಗೇ ನನ್ನ ಮೇಲೆ ಅನುಮಾನ ಬಂದಿತ್ತು.

ನಮ್ಮ ಯಜಮಾನರೊಬ್ಬರು ಮಾತ್ರ ನಂಬಿದರು. ಬೆಳಿಗ್ಗೆ ನನ್ನ ತಲೆ ಬಾಚುತ್ತಿದ್ದರು, ಬಾಚಣಿಗೆ ಎಳೆದರೆ ನೋಯುತ್ತದೆಂದು ಸಿಕ್ಕನ್ನು ಬೆರಳಲ್ಲೇ ಬಿಡಿಸುತ್ತಿದ್ದರು. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿರಲಿಲ್ಲ. ಅಂಥ ಗಂಡಹೆಂಡಿರಿಗೆ ಇಂಥ ಸಣ್ಣಪುಟ್ಟವೇ ಸಂಸಾರ.

ಹಾಗಿದ್ದೂ ಅವರನ್ನು ಕೇಳಿದವಳು ನಾನೇ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ. ಕೇಳಿದವಳು ನಾನೇ.

"ನೀವೇ ಒಂದ್ಸಲ ಕಾಲಿಡ್ರೀ" ಎಂದೆ.

"ಅದು ಸೊಂಟಕ್ಕೆ, ಬೆನ್ನಿಗೆ ಕಣೇ. ಕತ್ತಿಗೆ ಯಾವತ್ತೂ ಇಟ್ಟಿಲ್ಲ."

"ಕತ್ತೇನು ಬೇರೆ ಊರಲ್ಲಿದೆಯಾ? ಅದೇ ಬೆನ್ನುಮೂಳೆ ತಾನೇ?"

"ಬೇಡ ಸುಮ್ನಿರು."

ಎಂಟು ದಿನ ಪೀಡಿಸಿದೆ. ನೋವಿದ್ದವರ ನಾಲಿಗೆಗೆ ಹಿಡಿತವಿರುವುದಿಲ್ಲ. ಒಂದು ದಿನ ಅಂದುಬಿಟ್ಟೆ. "ಊರೋರಿಗೆಲ್ಲಾ ಕಾಲಿಡ್ತೀರ. ಕಟ್ಕೊಂಡ ಹೆಂಡ್ತಿ ಸಾಯ್ತಾ ಇದ್ರೂ ನೋಡ್ಕೊಂಡು ಕೂತಿರ್ತೀರ. ನಿಮ್ಮ ಕಾಲಲ್ಲಿ ಏನೂ ಇಲ್ಲ ಅಂತ ನಿಮಗೇ ಗೊತ್ತು, ಅದಕ್ಕೇ ಭಯ." ಅವರ ಮುಖ ಸಣ್ಣಗಾಯಿತು.

ಮುಂದಿನ ಭಾನುವಾರ ಬೇರೆಯವರು ಬರುವ ಮೊದಲೇ ಚಾಪೆ ಹಾಸಿದರು. ನಾನು ಬೋರಲು ಮಲಗಿದೆ. ಅವರು ಗೋಡೆ ಹಿಡಿದು ನಿಂತರು. ಮೊದಲನೆಯ ಸಲ ಹಿಮ್ಮಡಿ ತಾಗಿತೋ ಇಲ್ಲವೋ. ಎರಡನೆಯದೂ ಹಾಗೆಯೇ. ಇಷ್ಟು ಹೂವಿನ ಹಾಗೆ ಮುಟ್ಟಿದರೆ ಏನು ಪ್ರಯೋಜನ ಅನ್ನಿಸಿತು. "ಸ್ವಲ್ಪ ಒತ್ರೀ" ಎಂದೆ. ಮೂರನೆಯ ಸಲ ಒತ್ತಿದರು.

ಬೆರಳ ನೆಟಿಕೆ ಮುರಿದ ಹಾಗೆ ಒಂದು ಸದ್ದಾಯಿತು. ಬಲಭುಜದಿಂದ ಹೆಬ್ಬೆರಳ ತುದಿಯವರೆಗೆ ಕಾದ ಸರಳು ಎಳೆದ ಹಾಗಾಯಿತು. ಆಮೇಲೆ ಆ ಕೈಯಲ್ಲಿ ಏನೂ ಇಲ್ಲ. ಸದ್ದು ಅವರಿಗೂ ಕೇಳಿಸಿತ್ತು. ಗೋಡೆ ಬಿಟ್ಟು ಮಂಡಿಯೂರಿ ಕೂತು "ಹೋಯ್ತಾ?" ಎಂದರು. ಆ ದನಿಯಲ್ಲಿದ್ದ ಆಸೆಯನ್ನು ಕೇಳಿ ನನಗೆ ಬೇರೆ ಮಾತು ಹೊರಡಲಿಲ್ಲ. "ಹೋಯ್ತು" ಎಂದೆ.

ಆ ಸುಳ್ಳನ್ನು ಮೂರು ದಿನ ಕಾಪಾಡಿದೆ. ಯಾರೂ ಇಲ್ಲದಾಗ ಎಡಗೈಯಲ್ಲಿ ಉಣ್ಣುತ್ತಿದ್ದೆ, ಜೊತೆಯಲ್ಲಿ ಕೂತರೆ ಹಲ್ಲು ನೋವೆಂದು ಅರ್ಧಕ್ಕೇ ಏಳುತ್ತಿದ್ದೆ. ಬಲಗೈಯ ಬೆರಳುಗಳು ಬೇರೆ ಯಾರದೋ ಬೆರಳುಗಳಂತೆ ಮಡಿಲಲ್ಲಿ ಬಿದ್ದಿರುತ್ತಿದ್ದವು. ಅವರು ಆ ಮೂರು ದಿನ ಎಷ್ಟು ಖುಷಿಯಾಗಿದ್ದರೆಂದರೆ, ಮಿಷನ್ ತುಳಿಯುತ್ತಾ ಹಾಡು ಗುನುಗುತ್ತಿದ್ದರು. ನಾಲ್ಕನೆಯ ದಿನ ಸಾರಿನ ಪಾತ್ರೆ ಇಳಿಸಲು ಹೋದೆ. ಬಲಗೈಯ ಬಟ್ಟೆ ಜಾರಿತ್ತು. ಬೋಳು ಕೈಯಲ್ಲೇ ಕಾದ ಪಾತ್ರೆಯನ್ನು ಹಿಡಿದಿದ್ದೇನೆ, ಗೊತ್ತೇ ಆಗಿಲ್ಲ. ಸುಟ್ಟ ಚರ್ಮದ ವಾಸನೆಗೆ ಅತ್ತೆ ಕಿರುಚಿಕೊಂಡರು. ಯಜಮಾನರು ಓಡಿಬಂದು ನನ್ನ ಕೈ ನೋಡಿದರು, ಮುಖ ನೋಡಿದರು. ನನ್ನ ಮುಖದಲ್ಲಿ ನೋವಿರಲಿಲ್ಲ. ಅದರಿಂದಲೇ ಅವರಿಗೆ ಎಲ್ಲಾ ತಿಳಿದುಹೋಯಿತು.

ಬೆಂಗಳೂರಿನ ದೊಡ್ಡಾಸ್ಪತ್ರೆಯೊಂದಕ್ಕೆ ಹೋದೆವು. ಕಾಯುವ ಕೋಣೆಯಲ್ಲಿ ಬೆಳಗಿನಿಂದ ಕೂತು ಮಧ್ಯಾಹ್ನ ನಮ್ಮ ಹೆಸರು ಕರೆದರು. ಡಾಕ್ಟರ ಸುತ್ತ ಐದಾರು ಜನ ಕಲಿಯುವವರು ನಿಂತಿದ್ದರು. ಕಾರಿನ ಕಥೆ ಕೇಳಿದ ಡಾಕ್ಟರು "ಅದಾದ್ಮೇಲೆ ಕತ್ತಿಗೆ ಏನಾದ್ರೂ ಮಾಡಿಸಿದ್ರಾ? ಎಳೆಯೋದು, ತಿರುಗ್ಸೋದು?" ಎಂದರು.

"ಇಲ್ಲ. ಬಚ್ಚಲಲ್ಲಿ ಜಾರಿ ಬಿದ್ದೆ" ಎಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ತಯಾರು ಮಾಡಿಕೊಂಡ ಮಾತು.

ನನ್ನ ಹಿಂದೆ ಎಕ್ಸ್‌ರೇ ಕವರು ಹಿಡಿದು ನಿಂತಿದ್ದವರು "ನಾನೇ ತುಳ್ದೆ ಸಾರ್" ಎಂದರು.

ಡಾಕ್ಟರು ಪೆನ್ನು ಕೆಳಗಿಟ್ಟರು. ತುಳಿದೆ ಎಂದರೆ ಏನೆಂದು ಬಿಡಿಸಿ ಕೇಳಿದರು. ಅವರು ಒಂದೂ ಬಿಡದೆ ಹೇಳಿದರು, ಕಾಲು ಮುಂದಾಗಿ ಹುಟ್ಟಿದ್ದು, ಭಾನುವಾರ, ಹಿಮ್ಮಡಿ, ಮೂರು ಸಲ. ಕಲಿಯುವವರಲ್ಲಿ ಒಬ್ಬಳು ನಗು ತಡೆಯಲು ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದಳು. ನಾನು ಒತ್ತಿ ಎಂದೆ, ನಾನು ಪೀಡಿಸಿದೆ ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅವರ ಮುಖವನ್ನಾದರೂ ನೋಡಬೇಕಿತ್ತು. ಅವರು ನನ್ನ ಹಿಂದೆ ನಿಂತಿದ್ದರು, ನನ್ನ ಕತ್ತು ತಿರುಗುತ್ತಿರಲಿಲ್ಲ.

ಆಮೇಲೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ಕಾರಿನ ಏಟಿಗೇ ಮೂಳೆಗಳ ನಡುವಿನ ಡಿಸ್ಕು ಜರುಗಿದ್ದಿರಬಹುದು, ಇವತ್ತಲ್ಲ ನಾಳೆ ನರ ಒತ್ತುತ್ತಿತ್ತೇನೋ, ಕಾಲಿಟ್ಟದ್ದರಿಂದಲೇ ಹೀಗಾಯಿತೆಂದು ಹೇಳುವುದಕ್ಕೂ ಆಗುವುದಿಲ್ಲ, ಅಲ್ಲವೆನ್ನುವುದಕ್ಕೂ ಆಗುವುದಿಲ್ಲ ಎಂದು. ಆ ಮಾತಿನ ಮೊದಲರ್ಧ ನಾನು ಹಿಡಿದುಕೊಂಡೆ, ಕೊನೆಯರ್ಧ ಅವರು.

ವಾರ್ಡಿನಲ್ಲಿ ಇಪ್ಪತ್ತೆರಡು ದಿನ. ಗದ್ದಕ್ಕೆ ಪಟ್ಟಿ ಕಟ್ಟಿ, ಮಂಚದ ತಲೆಯ ಕಡೆಗೆ ಹಗ್ಗದಲ್ಲಿ ಭಾರ ಇಳಿಬಿಟ್ಟು ಮಲಗಿಸಿದ್ದರು. ನನ್ನ ಪಾಲಿಗೆ ಇದ್ದ ಪ್ರಪಂಚವೆಂದರೆ ಒಂದು ಫ್ಯಾನು, ಗಾರೆ ಉದುರಿದ ಒಂದು ಮೂಲೆ. ಪಕ್ಕದ ಮಂಚದಲ್ಲಿ ತೊಂಡೇಬಾವಿಯ ಸುಬ್ಬಮ್ಮ ಎನ್ನುವವರಿದ್ದರು, ಹುಣಸೆ ಮರದಿಂದ ಬಿದ್ದು ತೊಡೆ ಮುರಿದುಕೊಂಡವರು. ನನಗೆ ಅವರ ದನಿ ಮಾತ್ರ ಗೊತ್ತು. ನಾನು ಅಳುವುದು ಅವರಿಗೆ ಉಸಿರಿನಲ್ಲೇ ತಿಳಿದುಬಿಡುತ್ತಿತ್ತು. "ಏಡವಕಮ್ಮಾ, ಅಳಬ್ಯಾಡ. ಕಣ್ಣೀರು ಕಿವಿಯೊಳಕ್ಕೋಗಿ ಕಿವಿ ನೋವೂ ಬಂದಾತು. ಇರೋದೇ ಸಾಕಾಗಿಲ್ವಾ?" ಎನ್ನುತ್ತಿದ್ದರು. ಒಂದು ದಿನ ತಮ್ಮ ಮಗಳ ಕೈಲಿ ಹೇಳಿ, ಅಂಗೈಯಗಲದ ಕನ್ನಡಿಯನ್ನು ನನ್ನ ಮಂಚದ ಕಂಬಿಗೆ ಓರೆಯಾಗಿ ಕಟ್ಟಿಸಿದರು. ಅದರಲ್ಲಿ ವಾರ್ಡಿನ ಬಾಗಿಲು ಕಾಣುತ್ತಿತ್ತು. ಆ ಉಪಕಾರವನ್ನು ನಾನು ಮರೆಯಲಾರೆ. ಆದರೆ ಅದೇ ಕನ್ನಡಿಯಲ್ಲಿ ಪ್ರತಿ ಸಂಜೆ ನಾನು ನೋಡಿದ್ದೇನೆಂದರೆ, ಬಾಗಿಲವರೆಗೆ ಬಂದು, ಚಪ್ಪಲಿ ಬಿಟ್ಟು, ಒಳಗೆ ಬರಲಾಗದೆ ಹತ್ತು ನಿಮಿಷ ಅಲ್ಲೇ ನಿಂತಿರುತ್ತಿದ್ದ ನನ್ನ ಗಂಡನನ್ನು. ಬಂದ ಮೇಲೂ ಮಂಚದ ಕಾಲ ಕಡೆ ನಿಲ್ಲುತ್ತಿದ್ದರು. ಗಂಜಿ ಕುಡಿಸಲು ನರ್ಸನ್ನು ಕರೆಯುತ್ತಿದ್ದರು.

ಮನೆಗೆ ಬಂದಾಗ ಬೆರಳುಗಳಿಗೆ ಅರ್ಧ ಜೀವ ಬಂದಿತ್ತು. ಕುತ್ತಿಗೆಗೆ ಗಟ್ಟಿ ಪಟ್ಟಿ, ಹಿಂದುಗಡೆ ಎರಡು ಬಕಲು. ಹಗಲೆಲ್ಲಾ ಕಟ್ಟಿಕೊಂಡಿರಬೇಕು, ಎಷ್ಟು ವರ್ಷವೆಂದು ಯಾರೂ ಹೇಳಲಿಲ್ಲ. ನನ್ನ ಬಲಗೈ ಹಿಂದಕ್ಕೆ ಹೋಗುತ್ತಿರಲಿಲ್ಲ, ಒಂದೇ ಕೈಯಲ್ಲಿ ಬಕಲು ಸರಿಯಾಗಿ ಕೂರುತ್ತಿರಲಿಲ್ಲ. ಅತ್ತೆಗೆ ಕಣ್ಣಿನ ಪೊರೆ. ಮೊದಲ ಬೆಳಿಗ್ಗೆ ನಮ್ಮ ಯಜಮಾನರ ಮುಂದೆ ಪಟ್ಟಿ ಹಿಡಿದು ಬೆನ್ನು ತಿರುಗಿಸಿ ನಿಂತೆ. ಹಿಂದೆ ಸದ್ದಿಲ್ಲ. ಮೈ ತಿರುಗಿಸಿ ನೋಡಿದರೆ ಅವರಿಲ್ಲ. ಪಕ್ಕದ ಮನೆಯ ನೂರ್‌ಜಾನ್ ಬೀಯನ್ನು ಕರೆದುಕೊಂಡು ಬಂದರು. ಅವರ ಮನೆಯದು ರೇಷ್ಮೆ ಬಿಚ್ಚುವ ಕೆಲಸ, ಬಿಸಿನೀರಲ್ಲಿ ಬೆಂದು ಬೆಂದು ಆಕೆಯ ಬೆರಳುಗಳು ಬೆಳ್ಳಗೆ ಮುದುಡಿರುತ್ತಿದ್ದವು. "ಬೇಜಾರ್ ಮಾಡ್ಕೋಬ್ಯಾಡ ಅಕ್ಕ, ದಿನಾ ನಾನೇ ಬಂದು ಕಟ್ತೀನಿ" ಎಂದರು. ಅಂದ ಹಾಗೆಯೇ ದಿನಾ ಬಂದರು. ವರ್ಷಗಟ್ಟಲೆ.

ಭಾನುವಾರ ಜನ ಬರುತ್ತಲೇ ಇದ್ದರು. ಇವರು ಹೊಸ್ತಿಲಲ್ಲೇ ತಡೆದು "ನನ್ನ ಕಾಲು ಸತ್ತೋಗಿದೆ, ಹೋಗ್ರಪ್ಪಾ" ಎನ್ನುತ್ತಿದ್ದರು. ಜನ ನಂಬದೆ ಕಾಲು ಹಿಡಿಯಲು ಬಗ್ಗಿದರೆ ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕ್ರಮೇಣ ಜನ ನಿಂತರು.

ನನ್ನನ್ನು ಅವರು ಚೆನ್ನಾಗಿಯೇ ನೋಡಿಕೊಂಡರು, ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಪಟ್ಟಿ ಚುಚ್ಚದಿರಲೆಂದು ಮೆತ್ತನೆಯ ವಾಯಿಲ್ ಬಟ್ಟೆಯಲ್ಲಿ ಅದಕ್ಕೆ ಕವರು ಹೊಲಿದರು, ನನ್ನ ಒಂದೊಂದು ಸೀರೆಗೂ ಒಪ್ಪುವ ಬಣ್ಣದಲ್ಲಿ. ಹೊಲಿದು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಮುಂದಿನ ಕೋಣೆಯಲ್ಲಿ ಟೇಪು ಹಿಡಿದು ಊರವರ ಕುತ್ತಿಗೆಯ ಅಳತೆ ತೆಗೆಯುವುದು ನನಗೆ ಕಾಣುತ್ತಿತ್ತು. ಎಂಥೆಂಥವರ ಕುತ್ತಿಗೆ! ಬೆವರು, ಧೂಳು, ಮಚ್ಚೆ. ಅವೆಲ್ಲದರ ಮೇಲೆ ಅವರ ಬೆರಳು ಆರಾಮಾಗಿ ಓಡಾಡುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಬರೆಯಲು ನಾಚಿಕೆಯೇನಿಲ್ಲ. ಅವರ ಹಾಸಿಗೆ ಮುಂದಿನ ಕೋಣೆಗೆ ಹೋಯಿತು. ಮಕ್ಕಳ ಆಸೆಯೂ ಅಲ್ಲಿಗೇ ಮುಗಿಯಿತು. ನಾನೇ ಪೀಡಿಸಿದ್ದು, ನಾನೇ ಒತ್ತಿ ಅಂದದ್ದು ಎಂದು ನೂರು ಸಲ ಹೇಳಿದೆ. "ಕಾಲು ನಂದಲ್ವಾ" ಎನ್ನುತ್ತಿದ್ದರು.

ಕೆಲಸದಲ್ಲಿ ನನ್ನನ್ನು ಬೋರ್ಡಿನಿಂದ ತೆಗೆದು ದೂರು ಬರೆದುಕೊಳ್ಳುವ ಮೇಜಿಗೆ ಕೂರಿಸಿದರು. ತೊಂಬತ್ತರ ದಶಕದಲ್ಲಿ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬಂದು ಆ ಬೋರ್ಡನ್ನೇ ಗೋಡೆಯಿಂದ ಕಿತ್ತುಹಾಕಿದರು. ಅತ್ತೆ ತೀರಿಕೊಂಡರು. ಹೆಣದ ಮುಂದೆ ಎಲ್ಲರೂ ಬಗ್ಗಿ ನಮಸ್ಕಾರ ಮಾಡಿದರೆ ನಾನೊಬ್ಬಳು ಕಂಬದ ಹಾಗೆ ನಿಂತಿದ್ದೆ. ಕೆಲವು ದಿನ ಬೆಳಿಗ್ಗೆ ಎದ್ದರೆ, ಆ ಟೆಂಪೋ ಇನ್ನೂ ಸ್ವಲ್ಪ ಜೋರಾಗಿ ಗುದ್ದಬಾರದಿತ್ತೇ ಅನ್ನಿಸುತ್ತಿತ್ತು. ಇಂಥದ್ದು ನಿಮಗೂ ಅನ್ನಿಸಿದ್ದರೆ, ನೀವೊಬ್ಬರೇ ಅಲ್ಲ.

ನೂರ್‌ಜಾನ್ ಬೀ ಮಗಳ ಬಾಣಂತನಕ್ಕೆಂದು ಗೌರಿಬಿದನೂರಿಗೆ ಹೋದರು, ನಲವತ್ತು ದಿನ. ಮೊದಲೆರಡು ದಿನ ನಾನೇ ಎಡಗೈಯಲ್ಲಿ ಏನೋ ಸಿಕ್ಕಿಸಿಕೊಂಡೆ, ಪಟ್ಟಿ ಸೊಟ್ಟಗೆ ಕೂತು ದವಡೆ ಕೊಯ್ಯಿತು. ಮೂರನೆಯ ಬೆಳಿಗ್ಗೆ ಪಟ್ಟಿ ಕೈಯಲ್ಲಿ ಹಿಡಿದುಕೊಂಡು ಅವರ ಮಿಷನ್ನಿನ ಮುಂದೆ ಹೋಗಿ ಬೆನ್ನು ತಿರುಗಿಸಿ ನಿಂತುಬಿಟ್ಟೆ. ಮಿಷನ್ ನಿಂತಿತು. ಎದ್ದು ಹೋದರೇನೋ ಅಂದುಕೊಂಡೆ. ಆಮೇಲೆ ಅವರ ಬೆರಳು ನನ್ನ ಜಡೆಯನ್ನು ಪಕ್ಕಕ್ಕೆ ಸರಿಸಿತು.

ತಣ್ಣಗಿತ್ತು. ಒಂದು ಬಕಲು ಹಾಕುವುದಕ್ಕೆ ಮೂರು ಸಲ ತಪ್ಪಿಸಿಕೊಂಡರು. ಹಾಕಿದ ಮೇಲೆ ನೋಡಿದರೆ ಪಟ್ಟಿ ಸಡಿಲ, ಒಳಗೆ ಎರಡು ಬೆರಳು ಹೋಗುವಷ್ಟು.

"ಬಿಗಿ ಸಾಲದು ಕಣ್ರೀ" ಎಂದೆ.

"ಬಿಗಿ ಮಾಡೋಕೆ ನನ್ನ ಕೈಲಾಗಲ್ಲ ಕಣೇ. ಇಷ್ಟೇ ಆಗೋದು" ಎಂದರು. ಅಳುತ್ತಿದ್ದರು.

ಹಾಗೆಯೇ ಆಫೀಸಿಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ತಲೆಯ ಭಾರವೆಲ್ಲಾ ಭುಜಕ್ಕಿಳಿದು, ಸಂಜೆಗೆ ನೋವು ಕಣ್ಣಿನವರೆಗೆ ಏರಿ, ಎದುರಿಗಿದ್ದ ಅಕ್ಷರ ಎರಡೆರಡಾಗಿ ಕಾಣುತ್ತಿತ್ತು. ಪಕ್ಕದ ಮೇಜಿನವಳನ್ನು ಕರೆದು ಬಿಗಿ ಮಾಡಮ್ಮಾ ಎನ್ನಬಹುದಿತ್ತು. ಕರೆಯಲಿಲ್ಲ. ಮನೆಗೆ ಬಂದು ನೋವಿನ ಮಾತೆತ್ತಲಿಲ್ಲ. ಮಾರನೆಯ ಬೆಳಿಗ್ಗೆ ಮತ್ತೆ ಪಟ್ಟಿ ಹಿಡಿದು ಮಿಷನ್ನಿನ ಮುಂದೆ ನಿಂತೆ. ಅದರ ಮಾರನೆಯ ದಿನವೂ.

ನಲವತ್ತು ದಿನ ಕಳೆದು ನೂರ್‌ಜಾನ್ ಬೀ ವಾಪಸು ಬಂದರು. ಬಂದ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು "ಬಾ ಅಕ್ಕ, ಕಟ್ತೀನಿ" ಎಂದರು. "ಆಗಲೇ ಕಟ್ಟಿಸ್ಕೊಂಡೆ" ಎಂದೆ. ಆಕೆ ಹತ್ತಿರ ಬಂದು ನೋಡಿ, ಪಟ್ಟಿಯೊಳಗೆ ಬೆರಳು ತೂರಿಸಿ "ಯಾ ಅಲ್ಲಾ, ಇಷ್ಟು ಲೂಸಾ! ಯಾರು ಕಟ್ಟಿದ್ದು?" ಎನ್ನುತ್ತಾ ಬಕಲಿಗೆ ಕೈ ಹಾಕಿದರು. ನಾನು ಆಕೆಯ ಕೈ ಹಿಡಿದುಕೊಂಡೆ. ಬಿಚ್ಚಲು ಬಿಡಲಿಲ್ಲ.